ಇಪ್ಪತ್ತೆಂಟು ಜನರ ಬಲೆ

ಪಡುಬಂದರು ನಗರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಿದ್ದರೆ, ಬಂದರು ಕಟ್ಟಿದ ವರ್ಷವನ್ನು ಬಿಟ್ಟರೂ ಚಿಂತೆಯಿಲ್ಲ, ನಗರಸಭೆ ಮಹಾನಗರಪಾಲಿಕೆಯಾದ ದಿನವನ್ನು ಬಿಟ್ಟರೂ ನಡೆದೀತು. ಆದರೆ ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಆ ಸೋಮವಾರ ಬೆಳಗ್ಗೆ ಲೋಕಮ್ಮನವರ ಮನೆಯ ಬೆಕ್ಕು ಒಂದು ಬಂಗುಡೆಯ ತಲೆಯನ್ನು ಮೂಸಿ, ಮೀಸೆ ಕೊಡವಿ, ಅದಕ್ಕೆ ಬೆನ್ನು ಹಾಕಿ ಕುಳಿತದ್ದನ್ನು ಮಾತ್ರ ಬಿಡುವಂತಿಲ್ಲ. ಬೆಕ್ಕಿನ ಹೆಸರು ದೊರೆ. ಹುಟ್ಟಿದಾರಭ್ಯ ಅದು ಮೀನನ್ನು ನಿರಾಕರಿಸಿದ ದಾಖಲೆಯಿಲ್ಲ.

“ವಾರಿಜಾ, ಇಲ್ಲಿ ಬಾ ಒಮ್ಮೆ,” ಎಂದು ಲೋಕಮ್ಮ ಸೊಸೆಯನ್ನು ಹಿತ್ತಿಲಿಗೆ ಕರೆದರು. “ನೋಡು ಇದರ ಮರ್ಜಿ.”

ವಾರಿಜಾ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಬಂದಳು. ಎಂಟು ಗಂಟೆಗೆ ಅವಳ ಪಾಳಿ. “ಹಸಿವಿರ್ಲಿಕ್ಕಿಲ್ಲ ಮಾಮಿ.”

“ಹಸಿವಿಲ್ಲದೆ ಎಂತ? ನಿನ್ನೆಯಿಂದ ನನ್ನ ಕಾಲು ಸುತ್ತುತ್ತಾ ಉಂಟು. ಇದು ಮೀನೇ ಅಲ್ಲ ಅಂತ ಅದರ ಅಭಿಪ್ರಾಯ. ನಾನೂ ಅದರ ಪಕ್ಷವೇ.”

ಬಂಗುಡೆ ಬಂದದ್ದು ಲಾರಿಯಲ್ಲಿ, ಮೂಡಣ ಕಡಲಿನಿಂದ, ಐಸಿನ ಪೆಟ್ಟಿಗೆಯೊಳಗೆ ಮಲಗಿಕೊಂಡು. ಮನೆಯ ಹಿತ್ತಿಲಿನಲ್ಲಿ ನಿಂತು ಕಲ್ಲೆಸೆದರೆ ಪಡುವಣ ಕಡಲಿಗೆ ಬೀಳುತ್ತದೆ. ಆದರೂ ಮೀನಿಗೆ ಮಾತ್ರ ದೇಶವನ್ನು ಅಡ್ಡಲಾಗಿ ದಾಟಿ ಬರಬೇಕು. ಈ ಏರ್ಪಾಟಿಗೆ ಇದು ಮೂರನೆಯ ಮಳೆಗಾಲ.

ದೊರೆ ಕುಳಿತದ್ದು ಬಚ್ಚಲಿನ ಕಟ್ಟಿಗೆಗೆ ಮುಚ್ಚಿದ್ದ ಒಂದು ಹಲಗೆಯ ಮೇಲೆ. ಅದರಲ್ಲಿ ಕೆಂಪು ಬಣ್ಣದ ದಪ್ಪಕ್ಷರದಲ್ಲಿ ‘ನಮಗೆ ಸ್ವಚ್ಛ ಕಡಲು ಕೊಡಿ’ ಎಂದು ಬರೆದಿತ್ತು. ಬರೆದವನು ವಾರಿಜಾಳ ಗಂಡ ಭುವನೇಂದ್ರ. ನಗರದ ಚರಂಡಿ ನೀರು ಕಡಲಿಗೆ ಬಿದ್ದು ಮೀನು ಸಾಯುತ್ತವೆಂದು ಬೆಸ್ತರೆಲ್ಲ ಹೆದ್ದಾರಿಯಲ್ಲಿ ಕುಳಿತಿದ್ದಾಗ ಅವನು ಅದನ್ನು ಎತ್ತಿ ಹಿಡಿದಿದ್ದ. ಸರಕಾರಕ್ಕೆ ಸಾಮಾನ್ಯವಾಗಿ ಕಿವಿ ಕೇಳಿಸುವುದಿಲ್ಲ. ಆ ದಿನ ಹೇಗೋ ಕೇಳಿಸಿಬಿಟ್ಟಿತು. ಕೇಳಿದ್ದನ್ನು ಕೊಟ್ಟರು.

ಕೊಟ್ಟದ್ದರ ಹೆಸರು ‘ಸಮತೋಲ’. ದಡದಿಂದ ಎರಡು ಕಿಲೋಮೀಟರು ಆಚೆ, ಕಡಲಿನಲ್ಲಿ ಸಾಲಾಗಿ ನಿಂತ ಕಂಬಗಳು. ಪ್ರತಿಯೊಂದು ಕಂಬವೂ ನೀರನ್ನು ಹೀರಿ, ಒಳಗಿನ ತಟ್ಟೆಗಳ ನಡುವೆ ಹಾಯಿಸಿ, ವಿದ್ಯುತ್ತಿನಿಂದ ಉಪ್ಪುನೀರನ್ನು ಆಮ್ಲ ಮತ್ತು ಕ್ಷಾರ ಎಂದು ಎರಡು ಪಾಲು ಮಾಡುತ್ತದೆ. ಆಮ್ಲವನ್ನು ಪೈಪಿನಲ್ಲಿ ದಡಕ್ಕೆ ತಂದು ಕಲ್ಲುಪುಡಿಯ ರಾಶಿಗೆ ಕುಡಿಸುತ್ತಾರೆ. ಕ್ಷಾರ ಮರಳಿ ಕಡಲಿಗೆ ಹೋಗಿ ನೀರಿನ ಹುಳಿ ತೆಗೆಯುತ್ತದೆ. ಕಂಬದ ಬುಡದಿಂದ ಆಮ್ಲಜನಕದ ಸಣ್ಣ ಗುಳ್ಳೆಗಳು ಏಳುತ್ತವೆ. ತಲೆಯಿಂದ ಒಂದು ಬಗೆಯ ಅಂಟು ಸುರಿದು, ಕದಡಿದ ಕೊಳೆಯನ್ನೆಲ್ಲ ಒಂದಕ್ಕೊಂದು ಹತ್ತಿಸಿ ತಳಕ್ಕೆ ಇಳಿಸುತ್ತದೆ. ಹುಳಿ, ಆಮ್ಲಜನಕ, ಕದಡು, ಸಾರಜನಕ: ಈ ನಾಲ್ಕು ಸಂಖ್ಯೆಗಳು ಸರಿಯಿದ್ದರೆ ಕಡಲು ಸರಿಯಿದೆ ಎಂದು ಅರ್ಥ. ಬೀಚಿನಲ್ಲಿ ಎತ್ತರದ ಕಂಬಕ್ಕೆ ಹಸಿರು ದೀಪ ಹತ್ತುತ್ತದೆ. ಮೊದಲ ಬೇಸಿಗೆಯಲ್ಲೇ ಎದೆಮಟ್ಟದ ನೀರಿನಲ್ಲಿ ನಿಂತವನಿಗೆ ತನ್ನ ಕಾಲಿನ ಉಗುರು ಕಾಣತೊಡಗಿತು. ಊರಿನವರು ಕುಟುಂಬ ಸಮೇತರಾಗಿ ಹೋಗಿ ಉಗುರು ನೋಡಿ ಬಂದರು.

ಕಷ್ಟ ಬಂದದ್ದು ಮಳೆಗಾಲದಲ್ಲಿ. ನಾಲ್ಕು ಸಂಖ್ಯೆಗಳು ಎಷ್ಟಿರಬೇಕೆಂದು ನಿರ್ಧರಿಸಲು ಮೊದಲು ಒಂದು ವರ್ಷ ಸಮೀಕ್ಷೆ ನಡೆದಿತ್ತು. ಜೂನ್ ಬಂದೊಡನೆ ದೊಡ್ಡ ಬೋಟುಗಳು ಕಡಲಿಗಿಳಿಯಬಾರದು ಎಂಬುದು ಕರಾವಳಿಯ ಕಾನೂನು. ಸಮೀಕ್ಷೆಯ ಬೋಟೂ ದೊಡ್ಡದೇ. ಅದು ಕಾನೂನಿಗೆ ವಿಧೇಯವಾಗಿ ಬಂದರಿನ ದಕ್ಕೆಯಲ್ಲಿ ಕಟ್ಟಿ ನಿಂತಿತು. ಹಾಗಾಗಿ ಮಳೆಗಾಲದ ತಿಂಗಳುಗಳ ಜಾಗ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲವೆಂದು ಉಳಿದ ತಿಂಗಳುಗಳ ಸರಾಸರಿಯನ್ನು ಅಲ್ಲಿ ತುಂಬಿದರು. ಹೀಗೆ ಪಡುಬಂದರಿನ ಕಡಲಿಗೆ ವರ್ಷವಿಡೀ ಚಳಿಗಾಲ, ಬೇಸಿಗೆ. ಮಳೆಗಾಲವೆಂಬುದು ಒಂದು ದೋಷ.

ನಿಜವಾದ ಮಳೆಗಾಲದಲ್ಲಿ ನಡೆಯುವುದೇ ಬೇರೆ. ಗಾಳಿಯ ಬಲದಿಂದ ಮೇಲಿನ ನೀರು ಸರಿದು ತಳದ ನೀರು ದಡದತ್ತ ಏಳುತ್ತದೆ. ಅದು ತಣ್ಣಗೆ, ಹುಳಿ, ಉಸಿರು ಕಮ್ಮಿ, ಮೇವಿನ ಸತ್ವ ಭರ್ತಿ. ನದಿಗಳು ನೆರೆಯ ಕೆಂಪು ತಂದು ಅದಕ್ಕೆ ಸೇರಿಸುತ್ತವೆ. ಕಡಲು ಮೇಲೆ ಕೆಳಗಾಗುತ್ತದೆ. ಬೆಸ್ತರು ಇದಕ್ಕೆ ತೂಫಾನ್ ಎನ್ನುತ್ತಾರೆ, ಮತ್ತು ಇದಕ್ಕಾಗಿಯೇ ಕಾಯುತ್ತಾರೆ. ಆ ಮೇವಿನ ಹಿಂದೆ ಸಿಗಡಿ, ಸಿಗಡಿಯ ಹಿಂದೆ ಬೂತಾಯಿ, ಬಂಗುಡೆ ಎಲ್ಲ ದಡಕ್ಕೆ ಬರುತ್ತವೆ. ಆದರೆ ಹುಳಿ ಹೆಚ್ಚು, ಆಮ್ಲಜನಕ ಕಮ್ಮಿ, ಕದಡು ವಿಪರೀತ, ಸಾರಜನಕ ಅತಿಯಾದ ನೀರು ಇನ್ನೊಂದು ಉಂಟಲ್ಲ, ಚರಂಡಿಯದ್ದು. ಯಂತ್ರದ ಕಣ್ಣಿಗೆ ಇವೆರಡೂ ಒಂದೇ. ತೂಫಾನ್ ಎದ್ದ ಕೂಡಲೇ ಸಮತೋಲ ಪೂರ್ತಿ ಶಕ್ತಿಯಿಂದ ಅದನ್ನು ತೊಳೆದು, ಇಳಿಸಿ, ತಿಳಿಯಾಗಿಸಿ ಹಸಿರು ದೀಪ ಹಚ್ಚುತ್ತಿತ್ತು. ಮೀನು ಕಂಬಗಳ ಆಚೆಯಿಂದಲೇ ಹಿಂದಿರುಗುತ್ತಿತ್ತು. ಆಚೆ ಹೋಗಿ ಹಿಡಿಯೋಣವೆಂದರೆ ನಾಡದೋಣಿಯ ಮಾಟುಬಲೆಗೆ ಅಷ್ಟು ಆಳವಿಲ್ಲ. ಮೀನಿನ ಹಿಂಡಿಗೆ ಸುತ್ತು ಹಾಕುವ ಆ ಬಲೆಯ ಅಂಚು ತಳ ಮುಟ್ಟದಿದ್ದರೆ ಹಿಡಿದದ್ದೆಲ್ಲ ಅಡಿಯಿಂದ ಜಾರುತ್ತದೆ.

ಭುವನೇಂದ್ರ ತಲೆಗೆ ಬೈರಾಸು ಸುತ್ತಿಕೊಂಡು ಹಿತ್ತಿಲಿಗೆ ಬಂದ. ನಾಡದೋಣಿಯ ತಂಡಕ್ಕೆ ಅವನೇ ತಂಡೇಲ, ಅಂದರೆ ಮುಂದಾಳು.

“ನಮ್ಮ ತಂಡದ ವಾಮನ ಹೇಳಿ ಆಯ್ತು,” ಎಂದ. “ಈ ತೂಫಾನಿಗೂ ಎಂತ ಸಿಗದಿದ್ರೆ ಅವ ರತ್ನಗಿರಿಗೆ ಹೋಗ್ತಾನಂತೆ. ಅಲ್ಲಿಯ ಬೋಟಿನವರು ಕರ್ದಿದ್ದಾರೆ.”

ಲೋಕಮ್ಮ ಕತ್ತಿ ಕೆಳಗಿಟ್ಟರು. ಮಾಟುಬಲೆ ಎಳೆಯಲು ಇಪ್ಪತ್ತೆಂಟು ಜನ ಬೇಕು. ಎರಡು ದೋಣಿಗಳಿಂದ ಎರಡು ಕಡೆಯ ಹಗ್ಗ ಒಟ್ಟಿಗೆ ಬಿಗಿಯಬೇಕು, ಒಂದು ಕಡೆ ಸಡಿಲಾದರೆ ಬಲೆ ಬಾಯಿ ಬಿಡುತ್ತದೆ. ಒಂದು ಕಾಲದಲ್ಲಿ ತಂಡಕ್ಕೆ ಸೇರಲು ಜನ ಸರದಿ ನಿಲ್ಲುತ್ತಿದ್ದರು. ಎರಡು ಮಳೆಗಾಲ ಬರಿಗೈಯಲ್ಲಿ ಕಳೆದ ಮೇಲೆ ಈಗ ಇರುವುದು ಸರಿಯಾಗಿ ಇಪ್ಪತ್ತೆಂಟು. ಲೋಕಮ್ಮನ ಮಾವ ತನ್ನ ಕೈಯಿಂದ ನೇಯ್ದ ತುಂಡೊಂದು ಇನ್ನೂ ಆ ಬಲೆಯಲ್ಲಿ ಇದೆಯೆಂದು ಮನೆಯವರ ನಂಬಿಕೆ; ಯಾವ ತುಂಡು ಎಂದು ತೋರಿಸಲು ಯಾರಿಗೂ ಬರುವುದಿಲ್ಲ.

“ಬದಲಿಗೆ ಯಾರನ್ನಾದ್ರೂ ಹಿಡೀರಿ,” ಎಂದಳು ವಾರಿಜಾ.

“ಯಾರನ್ನು? ದೊರೆಯನ್ನಾ? ಅವನಿಗೆ ನೀರು ಕಂಡ್ರೆ ಆಗುದಿಲ್ಲ.” ಭುವನೇಂದ್ರ ಬೆಕ್ಕಿನ ತಲೆ ಸವರಿದ. ಆಮೇಲೆ, ಸಮತೋಲದ ಕಚೇರಿಗೆ ಹೊರಟಿದ್ದ ಹೆಂಡತಿಯ ಮುಖ ನೋಡದೆ, “ನಿನ್ನ ಯಂತ್ರವನ್ನು ಸ್ವಲ್ಪ ಹೊತ್ತು ಮಲಗಿಸ್ಲಿಕ್ಕೆ ಆಗುದಿಲ್ವಾ?” ಎಂದು ಕೇಳಿದ.

“ನನ್ನ ಯಂತ್ರ ಎಂತ ಮಾರಾಯ್ರೆ? ಕೇಳಿದ್ದು ಯಾರು?” ಅವಳು ಬಾಚಣಿಗೆಯಿಂದ ಹಲಗೆ ತೋರಿಸಿದಳು.

“ಸ್ವಚ್ಛ ಮಾಡಿ ಅಂದದ್ದು ಹೌದು. ಇಷ್ಟು ಸ್ವಚ್ಛ ಮಾಡ್ತಾರೆ ಅಂತ ಯಾರಿಗೆ ಗೊತ್ತಿತ್ತು? ಬೇರೆ ಯಾವ ಕೆಲಸವನ್ನಾದ್ರೂ ಹೀಗೆ ಮಾಡಿದ್ದುಂಟಾ ಅವರು?”

ವಾರಿಜಾ ಬಾಚಣಿಗೆಯನ್ನು ತಲೆಗೆ ಸಿಕ್ಕಿಸಿಕೊಂಡು ಪಾಳಿಗೆ ಹೊರಟಳು.

ಬುಧವಾರ ಬೆಳಗ್ಗೆ ಗಾಳಿ ತಿರುಗಿತು. ಸಮತೋಲದ ನಿಯಂತ್ರಣ ಕೇಂದ್ರ ಇದ್ದದ್ದು ಬಂದರಿನ ಮೇಲಿನ ಗುಡ್ಡದಲ್ಲಿ. ಅದರ ಗಾಜಿನ ಗೋಡೆಯಿಂದ ಇಡೀ ಕಡಲು ಕಾಣುತ್ತಿತ್ತು, ಆದರೆ ಅತ್ತ ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ, ನೋಡಬೇಕಾದದ್ದು ಪರದೆಯನ್ನು. ಕಂಬಗಳ ಹೊರಗೆ ತೇಲುತ್ತಾ ನೀರನ್ನು ಅಳೆಯುವ ಬೋಯಾಗಳು ಸುದ್ದಿ ಕಳಿಸತೊಡಗಿದವು: ನೀರು ತಣ್ಣಗಾಗುತ್ತಿದೆ, ಹುಳಿಯಾಗುತ್ತಿದೆ. ರಸಾಯನ ವಿಭಾಗದ ಹಿರಿಯ ಅಧಿಕಾರಿಯಾದ ವಾರಿಜಾಳಿಗೆ ಅದರ ಅರ್ಥ ತಿಳಿಯಲು ಎರಡನೆಯ ಸಲ ನೋಡಬೇಕಾಗಿರಲಿಲ್ಲ. ತೂಫಾನ್ ಎದ್ದಿತ್ತು. ಯಂತ್ರಕ್ಕೂ ತಿಳಿಯಿತು. ಕಂಬಗಳ ಗುರುತುಗಳು ಒಂದೊಂದಾಗಿ ಕೆಂಪಾಗಿ, ಪೂರ್ತಿ ಶಕ್ತಿಗೆ ಏರತೊಡಗಿದವು.

ಅವಳು ನಿರ್ದೇಶಕರ ಕೋಣೆಗೆ ಹೋದಳು. ಡಾಕ್ಟರ್ ಪದ್ಮನಾಭ ಹೊಳ್ಳರು ಒಳ್ಳೆಯ ಮನುಷ್ಯ. ಯಾರು ಏನು ಹೇಳಿದರೂ ಒಪ್ಪುತ್ತಿದ್ದರು. ಅದರಿಂದ ಈವರೆಗೆ ಯಾರಿಗೂ ಪ್ರಯೋಜನವಾಗಿರಲಿಲ್ಲ.

“ಸರ್, ಇದು ಕೊಳೆ ಅಲ್ಲ, ಮಳೆಗಾಲ. ಒಂದಾರು ಗಂಟೆ ನಿಲ್ಲಿಸುವ.”

“ನೂರಕ್ಕೆ ನೂರು ಸರಿ,” ಎಂದರು ಹೊಳ್ಳರು. “ಎರಡು ವರ್ಷದಿಂದ ನೀವು ಹೇಳ್ತಾ ಇದ್ದೀರಿ, ನಾನೂ ಹೌದು ಅಂತಲೇ ಹೇಳ್ತಾ ಇದ್ದೇನೆ. ಆದ್ರೆ ವಾರಿಜಾ, ನದಿಯನ್ನು ಒಳಗೆ ಬಿಟ್ಟು ಚರಂಡಿಯನ್ನು ಮಾತ್ರ ಹಿಡಿಯುವ ಯಂತ್ರ ಉಂಟಾ? ಶುದ್ಧೀಕರಣ ಘಟಕ ಇದ್ದಿದ್ರೆ ಬೇರೆ ಮಾತು.”

ಶುದ್ಧೀಕರಣ ಘಟಕ ಇತ್ತು, ಹಿಂದೆ. ಕಡಲಿನಲ್ಲೇ ತೊಳೆಯುವ ಯಂತ್ರ ಬಂದ ಮೇಲೆ ದಡದಲ್ಲಿ ಇನ್ನೊಮ್ಮೆ ತೊಳೆಯುವುದು ದುಂದುವೆಚ್ಚವೆಂದು ಪಾಲಿಕೆ ಅದನ್ನು ಮುಚ್ಚಿ, ಆ ಜಾಗದಲ್ಲಿ ಮದುವೆ ಹಾಲ್ ಕಟ್ಟಿಸಿತು. ಹೊಳ್ಳರ ಮಗಳ ಮದುವೆ ನಡೆದದ್ದು ಅಲ್ಲಿಯೇ. ಈಗ ನಗರ ತೊಳೆದದ್ದು, ಕಕ್ಕಿದ್ದು ಎಲ್ಲ ನೇರವಾಗಿ ಕಡಲಿಗೆ ಹೋಗಿ ಕಂಬಗಳ ಸಾಲಿಗೂ ದಡಕ್ಕೂ ನಡುವೆ ಬೀಳುತ್ತಿತ್ತು.

“ಗೊತ್ತುಂಟು ಸರ್. ಆರು ಗಂಟೆಗೆ ಬೀಳುವ ಚರಂಡಿ ನೀರು ಲೆಕ್ಕಹಾಕಿ ನೋಡಿದ್ದೇನೆ. ನೆರೆಯಲ್ಲಿ ಅದು ತೆಳುವಾಗಿ ಹೋಗ್ತದೆ. ಈ ಮಳೆಗೆ ಬೀಚಿನಲ್ಲಿ ಮೀಯುವವರೂ ಇಲ್ಲ. ಮೀನು ದಡಕ್ಕೆ ಬರ್ಲಿಕ್ಕೆ ಅಷ್ಟು ಹೊತ್ತು ಸಾಕು.”

ಹೊಳ್ಳರು ಕನ್ನಡಕ ತೆಗೆದು ಒರೆಸಿದರು. “ಮೀನಿನ ವಿಷಯ ನನಗೆ ಗೊತ್ತಾಗುದಿಲ್ಲ. ನಾವು ತಿನ್ನುವವರಲ್ಲ. ನಿಮ್ಮ ಗಂಡನ ಬಲೆಗೆ ಎಷ್ಟು ಜನ ಅಂದಿದ್ರಿ?”

“ಇಪ್ಪತ್ತೆಂಟು. ಒಬ್ಬ ಹೊರಟು ನಿಂತಿದ್ದಾನೆ. ಅವ ಹೋದ್ರೆ ಬಲೆ ಮುಗೀತು.”

“ಒಬ್ಬ ಹೋದ್ರೆ ಮುಗೀತಾ?” ಹೊಳ್ಳರಿಗೆ ಇದು ಯಾಕೋ ತಾಗಿತು. ಅವರ ಕಚೇರಿಯಲ್ಲಿ ಯಾರು ಹೋದರೂ ಏನೂ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಜಿನ ಆಚೆ ನೋಡಿದರು, ಬಹುಶಃ ಆ ವರ್ಷದಲ್ಲಿ ಮೊದಲ ಸಲ. “ತಟ್ಟೆಗಳ ಪಾಚಿ ತೆಗೆಯಲಿಕ್ಕೆ ಅಂತ ಆರು ಗಂಟೆ ನಿಲ್ಲಿಸುವ ಅವಕಾಶ ಉಂಟು. ಫೆಬ್ರವರಿಯಲ್ಲಿ ಮಾಡುದು. ಇಬ್ಬರ ಹೆಬ್ಬೆಟ್ಟು ಬೇಕು.”

“ಒಂದು ನನ್ನದು.”

“ಪಾಚಿ ಆಗಿದೆಯಾ?”

“ಆಗಿರ್ಬಹುದು ಸರ್.”

“ಆಗಿದೆ ಅಂತಲೇ ನನ್ನ ಅಭಿಪ್ರಾಯ,” ಎಂದು ಹೊಳ್ಳರು ಎದ್ದರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವರು ತಾವಾಗಿ ಮಾಡಿದ ಮೊದಲ ಕೆಲಸ ಅದು. ಅಭ್ಯಾಸವಿಲ್ಲದ ಅವರ ಹೆಬ್ಬೆಟ್ಟನ್ನು ಯಂತ್ರ ಮೂರು ಸಲ ಒಪ್ಪಲಿಲ್ಲ. ನಾಲ್ಕನೆಯ ಸಲಕ್ಕೆ ಒಪ್ಪಿತು. ಪರದೆಯ ಮೇಲೆ ಕಂಬಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು.

ವಾರಿಜಾ ಗಂಡನಿಗೆ ಫೋನ್ ಮಾಡಿ, “ಮಲಗಿದೆ. ಇಳೀರಿ,” ಎಂದಳು. ಅವನು ಯಾರನ್ನೋ ಕೂಗಿ ಕರೆಯುವುದು ಕೇಳಿಸಿತು, ಅಷ್ಟೆ.

ಮೂರು ವರ್ಷದ ನಂತರ ಪಡುಬಂದರಿನ ಕಡಲು ತನ್ನ ಮನಸ್ಸಿಗೆ ಬಂದಂತೆ ನಡೆದುಕೊಂಡಿತು. ಮೊದಲು ನದಿಯ ಕೆಂಪು ಬಂತು, ದಡದುದ್ದಕ್ಕೂ ಹರಡಿತು. ಅದರ ಅಡಿಯಿಂದ ತಣ್ಣನೆಯ ನೀರು ಕಂಬಗಳ ಸಾಲನ್ನು ದಾಟಿತು. ಬೋಯಾಗಳಲ್ಲಿ ಧ್ವನಿಯ ಪ್ರತಿಫಲನ ಅಳೆಯುವ ಉಪಕರಣವೂ ಇತ್ತು, ಯಾರೂ ನೋಡದೆ ಬಿಟ್ಟದ್ದು. ವಾರಿಜಾ ಅದನ್ನು ತೆರೆದಾಗ ಪರದೆಯಲ್ಲಿ ಒಂದು ಮೋಡ ಕಂಡಿತು. ಮೋಡ ಒಳಗೆ ಬರುತ್ತಿತ್ತು.

ಎರಡು ಗಂಟೆ ಕಳೆದಿರಬಹುದು, ಫೋನ್ ಬಂತು. ಭುವನೇಂದ್ರನ ಫೋನು ಪ್ಲಾಸ್ಟಿಕ್ ಲಕೋಟೆಯೊಳಗೆ ಕುತ್ತಿಗೆಗೆ ನೇತಾಡುತ್ತಿರುತ್ತದೆ. ಆದ್ದರಿಂದ ಅವನ ಮಾತಿಗಿಂತ ಹೆಚ್ಚು ಗಾಳಿ ಕೇಳಿಸುತ್ತದೆ.

“ಎಟ್ಟಿ! ವಾರಿಜಾ, ಎಟ್ಟಿ!” ಎಂದು ಸಿಗಡಿಯ ಹೆಸರು ಹಿಡಿದು ಕೂಗಿದ. “ನೀರು ಕುದಿದ ಹಾಗೆ ಹಾರ್ತಾ ಉಂಟು! ದೋಣಿಯೊಳಗೇ ಬಂದು ಬೀಳ್ತಾ ಉಂಟು ಮಾರಾಯ್ತಿ, ಬಲೆಯೇ ಬೇಡ!”

“ಬಲೆ ಬಿಟ್ರಾ?”

“ಸುತ್ತು ಹಾಕ್ತಾ ಇದ್ದೇವೆ. ವಾಮನ ಹಾಡು ಹೇಳ್ತಾ ಇದ್ದಾನೆ, ಕೇಳ್ತದಾ? ರತ್ನಗಿರಿ ಎಲ್ಲಿ ಅಂತಲೇ ಅವನಿಗೆ ಮರ್ತು ಹೋಗಿದೆ!”

ವಾಮನನ ಹಾಡು ಕೇಳಿಸಿತು. ಸ್ವರ ಬಿಟ್ಟು ಉಳಿದದ್ದೆಲ್ಲ ಇತ್ತು. ಹೊಳ್ಳರೂ ಪಕ್ಕದಲ್ಲಿ ನಿಂತು ಕೇಳಿ, ತಮಗೆ ಸಂಬಂಧವಿಲ್ಲದ ಸಂತೋಷಕ್ಕೆ ಸಿಕ್ಕಿಬಿದ್ದವರಂತೆ ನಕ್ಕರು. “ನನ್ನ ಹೆಸರಿನಲ್ಲಿ ಎಂತದೂ ಬರೀಬೇಡಿ ಆಯ್ತಾ,” ಎಂದರು.

ಆಗ ವಾರಿಜಾ ಪರದೆಯ ಎಡ ಮೂಲೆ ನೋಡಿದಳು. ಆಮ್ಲಜನಕದ ಸಂಖ್ಯೆ ಇಳಿಯುತ್ತಿತ್ತು. ತಳದ ನೀರು ಬಂದರೆ ಇಳಿಯಬೇಕಾದದ್ದೇ. ಅವಳು ಅದನ್ನು ಲೆಕ್ಕ ಹಾಕಿಯೇ ಇದ್ದಳು. ಆದರೆ ಅದು ಲೆಕ್ಕದ ಗೆರೆಯ ಹತ್ತಿರ ಬಂದು ನಿಲ್ಲಲಿಲ್ಲ, ಮತ್ತೂ ಇಳಿಯಿತು. ಹೊರಗಿನ ಬೋಯಾಗಳಲ್ಲಿ ಅಲ್ಲ, ಒಳಗಿನವುಗಳಲ್ಲಿ. ದಡದ ಹತ್ತಿರ, ದೋಣಿಗಳಿದ್ದಲ್ಲಿ.

ಅವಳಿಗೆ ಹೊಳೆಯಲು ತಡವಾಗಲಿಲ್ಲ. ತಡವಾದದ್ದು ಮೂರು ವರ್ಷ. ಸಮತೋಲ ಕೊಳೆಯನ್ನು ಎಂದೂ ಇಲ್ಲದಂತೆ ಮಾಡಿರಲಿಲ್ಲ. ಅಂಟು ಹಾಕಿ ತಳಕ್ಕೆ ಇಳಿಸಿತ್ತು, ಅಷ್ಟೆ. ನಗರ ಮೂರು ವರ್ಷ ಕಡಲಿಗೆ ಬಿಟ್ಟದ್ದೆಲ್ಲ ಕಂಬಗಳ ಸಾಲಿನ ಒಳಗಡೆ, ಗಾಳಿಯಿಲ್ಲದೆ ಕೊಳೆತು ಕಪ್ಪಗೆ ಮಲಗಿತ್ತು. ಮೇಲಿನಿಂದ ಅಂಟು, ಬುಡದಿಂದ ಆಮ್ಲಜನಕ ಬರುತ್ತಿರುವವರೆಗೆ ಅದು ಏಳುವಂತಿರಲಿಲ್ಲ. ನಾಲ್ಕು ಸಂಖ್ಯೆಗಳೂ ನೀರಿನವು. ತಳದ ಕೆಸರಿಗೆ ಸಂಖ್ಯೆಯೇ ಇರಲಿಲ್ಲ. ಸಂಖ್ಯೆ ಇಲ್ಲದ್ದನ್ನು ಅವಳೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ತೂಫಾನಿನ ಅಲೆ ಆ ಕಪ್ಪನ್ನು ಕಲಕಿ ಎಬ್ಬಿಸುತ್ತಿತ್ತು, ಎದ್ದ ಕೊಳೆ ನೀರಿನ ಉಸಿರನ್ನೆಲ್ಲ ಕುಡಿಯುತ್ತಿತ್ತು.

“ಸರ್, ಹಾಕಿ. ಯಂತ್ರ ಹಾಕಿ,” ಎಂದಳು. ಈ ಸಲ ಹೊಳ್ಳರ ಹೆಬ್ಬೆಟ್ಟು ಮೊದಲ ಸಲಕ್ಕೇ ಹತ್ತಿತು. ‘ಚಾಲನೆ: ಒಂದು ಗಂಟೆ’ ಎಂದು ಪರದೆ ಹೇಳಿತು. ತಟ್ಟೆಗಳು ಬಿಸಿಯಾಗಿ ಕೆಲಸಕ್ಕೆ ಬರಲು ಅಷ್ಟು ಬೇಕು. ಗಡಿಬಿಡಿ ಮಾಡಿದರೆ ಒಡೆಯುತ್ತವೆ ಎಂದು ಕಟ್ಟಿದವರು ಅದಕ್ಕೊಂದು ಬೀಗ ಹಾಕಿದ್ದರು; ಬಹಳ ಎಚ್ಚರದ ಜನ.

ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಎರಡೂ ಕೈಯಲ್ಲಿ ಹಗ್ಗವಿದ್ದವನು ಫೋನ್ ಎತ್ತುವುದು ಹೇಗೆ? ಬಲೆಯ ಬಾಯಿ ಮುಚ್ಚುವ ಹೊತ್ತು ಅದು. ಆಮೇಲೆ ಅವನೇ ಮಾಡಿದ.

“ವಾರಿಜಾ, ಎಂತದು ಇದು? ಕೊಳೆತ ಮೊಟ್ಟೆಯ ವಾಸನೆ.” ಹಾಡು ನಿಂತಿತ್ತು. ಯಾರೋ ಕೆಮ್ಮುತ್ತಿದ್ದರು. “ಕಣ್ಣು ಉರೀತದೆ. ನೀರು ಕಪ್ಪಾಗ್ತಾ ಉಂಟು.”

“ಬಲೆ ಬಿಟ್ಟು ದಡಕ್ಕೆ ಬನ್ನಿ.”

“ಬಲೆ ಬಿಡುದಾ? ತುಂಬಿದ್ದನ್ನು?”

“ಬಿಡಿ ಮಾರಾಯ್ರೆ! ಆ ಗಾಳಿ ಒಳ್ಳೇದಲ್ಲ, ತಲೆ ತಿರುಗಿ ಬೀಳ್ತೀರಿ!”

ಆಮೇಲೆ ಅವನ ಸ್ವರ ತೀರಾ ಸಣ್ಣಗೆ ಬಂತು. “ಹಾರುದು ನಿಂತಿತು. ಎಲ್ಲ ಮೇಲೆ ಬಂದು ಬಿಳಿ ಹೊಟ್ಟೆ ತೋರಿಸ್ತಾ ಉಂಟು. ನಮ್ಮ ಬಲೆಯೊಳಗೂ, ಹೊರಗೂ.” ಕೊನೆಗೆ, “ಹಾಕು ಮಾರಾಯ್ತಿ. ನಿನ್ನ ಯಂತ್ರ ಹಾಕು,” ಎಂದ.

“ಹಾಕಿದ್ದೇನೆ.”

“ಮತ್ತೆ?”

“ಒಂದು ಗಂಟೆ ಬೇಕು ಅದಕ್ಕೆ.”

ಗುಡ್ಡದ ಮೇಲೆ ಇಬ್ಬರು ವಿಜ್ಞಾನಿಗಳು, ಕೆಳಗೆ ಇಪ್ಪತ್ತೆಂಟು ಜನ ಬೆಸ್ತರು, ಯಂತ್ರ ಬಿಸಿಯಾಗುವುದನ್ನೇ ಕಾದರು. ಗಾಜಿನ ಗೋಡೆಯಿಂದ ನೋಡಿದರೆ ಕೆಂಪು ನೀರಿನ ನಡುವೆ ಕಪ್ಪು ಕಲೆಯೊಂದು ಹರಡುತ್ತಿತ್ತು, ಅದರ ಮೇಲೆ ಬೆಳ್ಳಗೆ ಏನೋ ಮಿನುಗುತ್ತಿತ್ತು. ಮೀನು ತಿನ್ನದ ಹೊಳ್ಳರು ಅದನ್ನು ಬಹಳ ಹೊತ್ತು ನೋಡಿದರು.

“ಲೆಕ್ಕ ತಪ್ಪಿತಾ ವಾರಿಜಾ?”

“ಲೆಕ್ಕ ಸರಿಯೇ ಇತ್ತು ಸರ್. ಸೇರಿಸಬೇಕಾದ್ದನ್ನು ಸೇರಿಸಿರ್ಲಿಲ್ಲ.”

“ಹಾಗಾದ್ರೆ ಇನ್ನು ಇದನ್ನು ಯಾವತ್ತೂ ನಿಲ್ಲಿಸುವ ಹಾಗಿಲ್ಲ.”

“ಇಲ್ಲ ಸರ್.”

“ನೂರಕ್ಕೆ ನೂರು ಸರಿ,” ಎಂದರು ಹೊಳ್ಳರು, ಅಭ್ಯಾಸ ಬಲದಿಂದ.

ಸಂಜೆಯೊಳಗೆ ಯಂತ್ರ ತನ್ನ ಕೆಲಸ ಮುಗಿಸಿತ್ತು. ಕಪ್ಪು ತಳಕ್ಕಿಳಿಯಿತು, ಕೆಂಪು ತಳಕ್ಕಿಳಿಯಿತು, ಸತ್ತ ಸಿಗಡಿಯಲ್ಲಿ ತೇಲಲಾರದ್ದೂ ತಳಕ್ಕಿಳಿದು ಅಲ್ಲಿದ್ದುದರ ಜತೆ ಸೇರಿತು. ದಡಕ್ಕೆ ಬಂದದ್ದನ್ನು ಪಾಲಿಕೆಯ ಲಾರಿ ಒಯ್ದಿತು. ಬೀಚಿನಲ್ಲಿ ಹಸಿರು ದೀಪ ಹತ್ತಿತು. ಪಾಚಿ ತೆಗೆದ ನಂತರ ತಟ್ಟೆಗಳ ಕಾರ್ಯಕ್ಷಮತೆ ಗಮನಾರ್ಹವಾಗಿ ಸುಧಾರಿಸಿದೆ ಎಂದು ಯಂತ್ರ ತಾನಾಗಿಯೇ ಒಂದು ವರದಿ ತಯಾರಿಸಿ ರಾಜಧಾನಿಗೆ ಕಳಿಸಿತು. ಅಲ್ಲಿಂದ ಹೊಳ್ಳರಿಗೆ ಅಭಿನಂದನೆ ಬಂತು.

ವಾರಿಜಾ ಮನೆಗೆ ಬಂದಾಗ ಭುವನೇಂದ್ರ ಹಿತ್ತಿಲಿನ ಬಾವಿಕಟ್ಟೆಯಲ್ಲಿ ಕುಳಿತು ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದ. ಬಲೆಯನ್ನು ಹೇಗೋ ಎಳೆದು ತಂದಿದ್ದರು. ಅದು ತೆಂಗಿನ ಮರಗಳ ನಡುವೆ ಹರಡಿ ಬಿದ್ದಿತ್ತು. ವಾಸನೆಗೆ ಹತ್ತಿರ ಹೋಗುವಂತಿರಲಿಲ್ಲ. ಅವಳು ಅವನ ಪಕ್ಕ ಕುಳಿತಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ರಸಾಯನಶಾಸ್ತ್ರ ಬಹಳವಿತ್ತು. ಅವಳು ಅವನ್ನು ಬಿಟ್ಟು, ಕೊಡ ಎತ್ತಿ ಅವನ ಕೈಗೆ ನೀರು ಹೊಯ್ದಳು.

“ಐದು ನಿಮಿಷ ಆದ್ರೂ ಸಿಕ್ಕಿತಲ್ಲ,” ಎಂದ ಅವನು. “ಎಂಥ ಎಟ್ಟಿ ಗೊತ್ತುಂಟಾ. ಬೆರಳುದ್ದ.”

“ವಾಮನ?”

“ಬಟ್ಟೆ ಕಟ್ತಾ ಇದ್ದಾನೆ.”

ಲೋಕಮ್ಮ ಒಳಗಿನಿಂದ ಬಂದು, ಐಸಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಬಂಗುಡೆಯ ತಲೆಯನ್ನು ಹಲಗೆಯ ಮೇಲೆ ಹಾಕಿ, ಯಾರನ್ನೂ ಕರೆಯದೆ ಹಿಂದಿರುಗಿದರು. ದೊರೆ ಅದನ್ನು ಮೂಸಿತು. ಸ್ವಲ್ಪ ಹೊತ್ತು ಕಡಲಿನ ಕಡೆಗೆ ನೋಡಿತು. ಆಮೇಲೆ ತಿಂದಿತು.

ವಾಮನ ಮರುದಿನದ ಬಸ್ಸಿಗೆ ರತ್ನಗಿರಿಗೆ ಹೋದ. ಬಲೆಯನ್ನು ಮತ್ತೆ ನೀರಿಗೆ ಇಳಿಸಿಲ್ಲ.